ಶನಿವಾರದ ಎಣ್ಣೆ

ರಸ್ತೆ ಬದಿಯಲ್ಲಿ ಬಾನೆಟ್ ಎತ್ತಿಕೊಂಡು ನಿಂತ ಕಾರು ಕಂಡರೆ ನನ್ನ ಕಾಲು ತಾನಾಗಿಯೇ ನಿಧಾನವಾಗುತ್ತದೆ. ನನ್ನ ವಯಸ್ಸಿನ ಹೆಂಗಸರು ಸೀರೆ ಅಂಗಡಿಯ ಗಾಜಿನ ಮುಂದೆ ನಿಲ್ಲುವಂತೆ ನಾನು ಇಂಜಿನ್ನಿನ ಮುಂದೆ ನಿಲ್ಲುತ್ತೇನೆ. ಮಾಲೀಕ ಸಜ್ಜನನಂತೆ ಕಂಡರೆ ‘ಎಣ್ಣೆ ನೋಡಿದಿರಾ?’ ಎಂದು ಕೇಳುತ್ತೇನೆ. ಅವನು ಉತ್ತರ ಕೊಡುವಷ್ಟರಲ್ಲಿ ನನ್ನ ಕೈ ಎಣ್ಣೆಯ ಕಡ್ಡಿಯನ್ನು ಎಳೆದು, ಒರೆಸಿ, ಮತ್ತೆ ಇಳಿಸಿ, ಮೇಲೆತ್ತಿ ಬೆಳಕಿಗೆ ಹಿಡಿದಾಗಿರುತ್ತದೆ. ಕೈಯನ್ನು ಬೈದು ಫಲವಿಲ್ಲ. ಜೀವಮಾನವೆಲ್ಲ ಜ್ವರದ ಕಡ್ಡಿಯನ್ನು ಝಾಡಿಸಿ ಹೀಗೆಯೇ ಬೆಳಕಿಗೆ ಹಿಡಿದು ಓದಿದ ಕೈ ಅದು.

ನಾನು ಯಲಬುರ್ಗಾದ ಸರಕಾರಿ ಆಸ್ಪತ್ರೆಯಲ್ಲಿ ನರ್ಸಾಗಿದ್ದೆ. ತರಬೇತಿಯ ಕಾಲದಲ್ಲಿ ನಮ್ಮ ಮೇಟ್ರನ್ ಹಾಸಿಗೆಯ ಮೂಲೆಗಳನ್ನು ಬೆರಳಿನಿಂದ ಅಳೆದು ನೋಡುತ್ತಿದ್ದರು. ಮೂಲೆ ಸಡಿಲವಿದ್ದರೆ ರೋಗಿ ಸಮೇತ ಹಾಸಿಗೆ ಮತ್ತೆ ಹಾಸಬೇಕು. ಆ ಶಿಸ್ತು ನನ್ನ ಮೈಗೆ ಎಷ್ಟು ಹತ್ತಿತ್ತೆಂದರೆ ಮನೆಯಲ್ಲಿ ಚಪಾತಿಗಳು ಕೂಡ ಒಂದರ ಮೇಲೊಂದು ಅಂಚು ಕೂಡಿಕೊಂಡೇ ಕೂರುತ್ತಿದ್ದವು. ನಮ್ಮ ಯಜಮಾನರು ಹೈಸ್ಕೂಲಿನಲ್ಲಿ ಇತಿಹಾಸದ ಮೇಷ್ಟ್ರು. ಅವರ ಪುಸ್ತಕಗಳು ಮಾತ್ರ ಯಾವ ಆಳ್ವಿಕೆಗೂ ಸಿಗದೆ ಮನೆತುಂಬ ಅಲೆಯುತ್ತಿದ್ದವು.

ಎಪ್ಪತ್ತರ ದಶಕ ಮುಗಿಯುತ್ತ ಬಂದಾಗ ಈ ಶಿಸ್ತಿನ ಮನೆಗೆ ಒಂದು ಹಳೆಯ ಅಂಬಾಸಿಡರ್ ಬಂತು. ತಂದವರು ನಮ್ಮ ದೊಡ್ಡ ಭಾವ, ಯಜಮಾನರ ಅಣ್ಣ. ಬೇವೂರಿನಲ್ಲಿ ಹೊಲ, ಎತ್ತು, ಬಂಡಿ ನೋಡಿಕೊಂಡಿದ್ದವರು. ಗಂಗಾವತಿ ಕಡೆ ಹೋಗಿದ್ದಾಗ ಯಾರದೋ ಅಕ್ಕಿ ಗಿರಣಿಯ ಅಂಗಳದಲ್ಲಿ ಧೂಳು ತಿನ್ನುತ್ತ ನಿಂತಿದ್ದ ಕಾರನ್ನು ಕಂಡು, ಒಳ್ಳೆಯ ಹೋರಿ ಕಂಡವರಂತೆ ಅದರ ಬೆನ್ನು ತಟ್ಟಿ, ಹಲ್ಲು ನೋಡುವ ಹಾಗೆ ಮುಂದಿನ ಜಾಲರಿಯೊಳಗೆ ಇಣುಕಿ, ಕೊಂಡೇಬಿಟ್ಟರು. ಬೇವೂರಿನಲ್ಲಿ ಪೆಟ್ರೋಲು ಸಿಗದ್ದರಿಂದ ಅದು ನಮ್ಮ ಯಲಬುರ್ಗಾದ ಮನೆಯ ಮುಂದೆ ಠಾಣೆ ಹೂಡಿತು.

ಮೊದಲು ಓಡಿಸಲು ಕಲಿತವರು ಯಜಮಾನರು. ಕ್ಲಚ್ಚಿನ ಮೇಲೆ ಕಾಲಿಟ್ಟಾಗಲೆಲ್ಲ ಅವರಿಗೆ ಯಾವುದಾದರೊಂದು ಸಾಮ್ರಾಜ್ಯದ ಪತನ ನೆನಪಾಗುತ್ತಿತ್ತು. ಅಷ್ಟರಲ್ಲಿ ಕಾರು ಬೇಲಿಯೊಳಗಿರುತ್ತಿತ್ತು. ರವಿವಾರ ಬೆಳಿಗ್ಗೆ ಶಾಲೆಯ ಮೈದಾನದಲ್ಲಿ ಅವರ ಪಕ್ಕ ಕುಳಿತು ನೋಡುತ್ತಿದ್ದ ನನಗೆ ಗೇರಿನ ಕ್ರಮ ಬಾಯಿಪಾಠವಾಯಿತು. ಒಂದು ದಿನ ಅವರೇ ಇಳಿದು, ಬಾಗಿಲು ಹಿಡಿದು ನಿಂತು, ‘ನೀನs ಹಿಡಿ. ನನಗ ಹಿಂದ ಕೂತು ಓದಾಕ ಅನುಕೂಲ ಆಗ್ತೈತಿ’ ಅಂದರು. ಆ ಸ್ಟೀರಿಂಗ್ ಚಕ್ರ ನನ್ನ ಕೈಗೆ ಬಂದ ಗಳಿಗೆಯನ್ನು ನೆನೆದರೆ ಇಂದಿಗೂ ಅಂಗೈ ಬೆಚ್ಚಗಾಗುತ್ತದೆ. ಬಿಳಿ ಸೀರೆಯ ಸಿಸ್ಟರು ಬಿಳಿ ಕಾರು ಓಡಿಸುವುದನ್ನು ನೋಡಲು ಜನ ಕಟ್ಟೆಗಳ ಮೇಲೆ ಎದ್ದು ನಿಲ್ಲುತ್ತಿದ್ದರು. ನನಗೇನೂ ಬೇಸರವಾಗುತ್ತಿರಲಿಲ್ಲ.

ಓಡಿಸುವವಳು ನಾನಾದರೂ ಎಣ್ಣೆಯ ಖಾತೆ ಭಾವನವರದೇ. ಬಂಡಿ ಹೂಡುವ ಮೊದಲು ಅಚ್ಚಿಗೆ ಕೀಲೆಣ್ಣೆ ಹಾಕುವುದು ಅವರ ಪಾಲಿಗೆ ಸ್ನಾನದಂಥ ನಿತ್ಯಕರ್ಮ. ಬಂಡಿಯ ಕೆಳಗೆ ಬಿದಿರಿನ ಗೊಟ್ಟದಲ್ಲಿ ಎಣ್ಣೆ ತೂಗುತ್ತಲೇ ಇರಬೇಕು. ಗಾಲಿ ಕಿರ್ ಅಂದರೆ ಮಾಲೀಕನ ಮಾನ ಹೋಯಿತು. ಈ ಪದ್ಧತಿಯನ್ನು ಅವರು ಕಾರಿಗೂ ತಂದರು. ನಮ್ಮ ಮನೆಗೆ ಬಂದಾಗಲೆಲ್ಲ, ನಾವು ಎಲ್ಲಿಗಾದರೂ ಹೊರಟಾಗಲೆಲ್ಲ, ಮುಂದೆ ಇಂಜಿನ್ನಿಗೆ ಒಂದಿಷ್ಟು, ಹಿಂದೆ ಡಿಫರೆನ್ಷಿಯಲ್ಲಿಗೆ ಒಂದಿಷ್ಟು ಎಣ್ಣೆ ಸುರಿಯದೆ ಬಿಡುತ್ತಿರಲಿಲ್ಲ. ಹಾಕುವುದಷ್ಟೇ, ಹಳೆಯದನ್ನು ತೆಗೆಯುವ ಮಾತಿಲ್ಲ.

ಡಿಫರೆನ್ಷಿಯಲ್ ಅಂದರೆ ಹಿಂದಿನ ಎರಡು ಗಾಲಿಗಳ ನಡುವೆ ಬಸುರಿಯ ಹೊಟ್ಟೆಯಂತೆ ಉಬ್ಬಿಕೊಂಡಿರುವ ಕಬ್ಬಿಣದ ಗಡಿಗೆ. ಕಾರು ತಿರುವಿನಲ್ಲಿ ಹೋಗುವಾಗ ಹೊರಬದಿಯ ಗಾಲಿ ಹೆಚ್ಚು ದೂರ ಓಡಬೇಕು, ಒಳಬದಿಯದು ಕಡಿಮೆ. ಒಂದೇ ಇಂಜಿನ್ನಿನ ಬಲವನ್ನು ಇಬ್ಬರಿಗೂ ಬೇಕಾದ ಹಾಗೆ ಹಂಚಿ, ಜಗಳವಿಲ್ಲದೆ ತಿರುವು ದಾಟಿಸುವುದು ಈ ಗಡಿಗೆಯೊಳಗಿನ ಹಲ್ಲುಚಕ್ರಗಳ ಕೆಲಸ. ಅವಿಭಕ್ತ ಕುಟುಂಬದ ಸೊಸೆಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಬಂಡಿಗೆ ಈ ತೊಂದರೆಯೇ ಇಲ್ಲ. ಅದರ ಗಾಲಿಗಳು ಅಚ್ಚಿನ ಮೇಲೆ ತಮ್ಮ ಪಾಡಿಗೆ ತಾವು ತಿರುಗುತ್ತವೆ. ಹಾಗಾಗಿ ಭಾವನವರ ವಿದ್ಯೆಯಲ್ಲಿ ಈ ಗಡಿಗೆಗೆ ಜಾಗವಿರಲಿಲ್ಲ. ಅವರ ಲೆಕ್ಕಕ್ಕೆ ಅದು ದೊಡ್ಡ ಅಚ್ಚು, ಅದಕ್ಕೆ ದೊಡ್ಡ ಬಾಯಾರಿಕೆ.

ಗಡಿಗೆಯ ಬೆನ್ನಿಗೆ ಒಂದು ತೂತು, ಅದಕ್ಕೊಂದು ಬಿರಡೆ. ಸಮನೆಲದಲ್ಲಿ ಎಣ್ಣೆ ಆ ತೂತಿನ ತುಟಿಗೆ ಬಂದರೆ ಹೊಟ್ಟೆ ತುಂಬಿದಂತೆ. ಮಿಕ್ಕದ್ದು ತಾನೇ ಹೊರಗೆ ಹರಿಯುತ್ತದೆ. ಎಂಥ ಜಾಣ ಏರ್ಪಾಡು! ಆದರೆ ನಮ್ಮ ಮನೆಯ ಮುಂದಿನ ಅಂಗಳ ರಸ್ತೆಯ ಕಡೆಗೆ ಇಳಿಜಾರು. ಕಾರು ಮೂಗು ಕೆಳಗೆ, ಬೆನ್ನು ಮೇಲೆ ಮಾಡಿ ನಿಲ್ಲುತ್ತಿತ್ತು. ಹಾಗೆ ನಿಂತಾಗ ಗಡಿಗೆ ಹೆಚ್ಚು ಎಣ್ಣೆ ಕುಡಿಯುತ್ತದೆ ಎಂಬುದನ್ನು ಭಾವನವರು ಕಂಡುಹಿಡಿದು, ಅದನ್ನು ಕಾರಿನ ಸದ್ಗುಣವೆಂದು ಭಾವಿಸಿದ್ದರು.

ಹುಣ್ಣಿಮೆಯ ದಿನ ಅತ್ತೆಯನ್ನು ಹುಲಿಗಿಗೆ ಕರೆದುಕೊಂಡು ಹೋದಾಗ ಈ ಸದ್ಗುಣ ಬಯಲಾಯಿತು. ಕೊಪ್ಪಳ ದಾಟಿದ ಮೇಲೆ ಹಿಂದಿನಿಂದ ಗುಂಯ್ ಎಂಬ ನರಳಿಕೆ. ಹುಲಿಗೆಮ್ಮನ ಜನಸಂದಣಿಯ ಅಂಚಿಗೆ ಬಂದು ಬ್ರೇಕು ಒತ್ತಿದೆ. ಕಾರು ನನ್ನ ಮಾತನ್ನು ಕೇಳಿಸಿಕೊಂಡಿತು, ಒಪ್ಪಲಿಲ್ಲ. ಮೆಲ್ಲಗೆ, ಬಹಳ ಮರ್ಯಾದೆಯಿಂದ ತೇಲುತ್ತ ಹೋಗಿ ಒಂದು ಅಂಗಡಿಯ ಮುಂದೆ ಒಟ್ಟಿದ್ದ ಮಂಡಕ್ಕಿ ಚೀಲಗಳ ಮೇಲೆ ಮೂಗಿಟ್ಟು ನಿಂತಿತು. ಯಾರಿಗೂ ಏನೂ ಆಗಲಿಲ್ಲ. ಅತ್ತೆ ಕಿಟಕಿಯಿಂದ ತಲೆ ಹೊರಗೆ ಹಾಕಿ, ಅಂಗಡಿಯವನಿಗೆ, ‘ಬಂದ್ವಿ ನೋಡಪಾ, ಒಂದ ಸೇರು ಕಟ್ಟು’ ಅಂದರು.

ನಗು ಅಲ್ಲಿಗೇ ಮುಗಿಯಿತು. ಎರಡನೇ ಗೇರಿನಲ್ಲಿ ಬಂಡಿಗಳಿಗೆಲ್ಲ ದಾರಿ ಬಿಡುತ್ತ ಮನೆ ಸೇರಿದೆವು. ಸುದ್ದಿ ತಿಳಿದ ಭಾವನವರು ಶುಕ್ರವಾರ ಬೇವೂರಿನಿಂದ ಬಂದವರೇ, ನಿಂತ ನಿಲುವಿನಲ್ಲೇ ತೀರ್ಪು ಕೊಟ್ಟರು. ‘ಹಾಯಾಕ ಕಲ್ತ ಎತ್ತು ಮನ್ಯಾಗ ಇಟ್ಕೋಬಾರದು. ಗಂಗಾವತಿ ಗೊಬ್ಬರದ ಸಾವ್ಕಾರ ಭಾಳ ದಿನದಿಂದ ಕೇಳಾಕ ಹತ್ಯಾನ. ಕೊಡ್ತೀನಂತ ಮಾತು ಕಳಿಸೀನಿ. ನಾಳೆ ಶನಿವಾರ, ಅವ ಒಪ್ಪತ್ತು ಇರ್ತಾನ, ಯಾವ ವ್ಯವಹಾರನೂ ಮಾಡಂಗಿಲ್ಲ. ಸೋಮವಾರ ಬರ್ತಾನ.’

ಕಾರು ಹೋದರೆ ಬರೀ ಕಾರು ಹೋಗುವುದಲ್ಲ. ಆ ಚಕ್ರದ ಹಿಂದೆ ಕುಳಿತಾಗ ಸಿಗುವ ನನ್ನದೇ ಆದ ಒಂದು ರಸ್ತೆ, ಒಂದು ಗಾಳಿ, ಯಾರನ್ನೂ ಕೇಳದೆ ಬಲಕ್ಕೆ ತಿರುಗುವ ಅಧಿಕಾರ, ಎಲ್ಲ ಹೋಗುತ್ತಿತ್ತು. ‘ಭಾವಾರ, ರವಿವಾರ ಒಂದಿನ ನನಗ ಕೊಡ್ರಿ. ಸುಧಾರಿಸಿದ್ರ ನೋಡೂಣು’ ಅಂದೆ. ‘ಮಾತು ಕೊಟ್ಟಾಗೈತವಾ ಪಾರ್ವತಿ. ಸುಧಾರಿಸಿದ್ರ ಸಾವ್ಕಾರಗ ಛಲೋ ಆತು’ ಅಂದರು. ಆದರೂ ಬೇಡ ಅನ್ನಲಿಲ್ಲ.

ಅಂದು ಸಂಜೆಯೇ ಕುಷ್ಟಗಿ ರಸ್ತೆಯ ಶೆಡ್ಡಿನಿಂದ ಖಾಸೀಮಣ್ಣ ಬಂದ. ಟ್ರ್ಯಾಕ್ಟರು, ಜೀಪು, ಪಂಪ್‌ಸೆಟ್ಟು ಎಲ್ಲಕ್ಕೂ ತಾನೇ ಧನ್ವಂತರಿ ಎಂದು ಹೇಳಿಕೊಳ್ಳುವ ಬಾಯಾಳಿ. ಹಿಂದಿನ ಗಾಲಿ ಬಿಚ್ಚಿ ಡ್ರಮ್ ತೆಗೆದವನೇ ತಲೆ ಅಲ್ಲಾಡಿಸಿದ. ‘ಏನ್ರೀ ಅಕ್ಕಾರ, ದೀಪಾವಳಿ ಇನ್ನಾ ದೂರ ಐತಿ. ಬ್ರೇಕಿಗೆ ಈಗs ಎಣ್ಣಿ ನೀರು ಹಾಕೀರೆಲ್ಲ.’ ಬ್ರೇಕಿನ ಪಟ್ಟಿಗಳು ಎಣ್ಣೆಯಲ್ಲಿ ತೊಯ್ದು ತೊಪ್ಪೆಯಾಗಿದ್ದವು. ಗಡಿಗೆಯಲ್ಲಿ ಹಿಡಿಸಲಾರದ ಎಣ್ಣೆ ಅಚ್ಚಿನ ಗುಂಟ ಹರಿದು, ರಬ್ಬರಿನ ಸೀಲು ದಾಟಿ ಅಲ್ಲಿ ಸೇರಿಕೊಂಡಿತ್ತು. ಎಣ್ಣೆ ಹಚ್ಚಿದ ಕೈಯಿಂದ ಎಣ್ಣೆ ಹಚ್ಚಿದ ಪೈಲ್ವಾನನನ್ನು ಹಿಡಿದಂತೆ ಆ ಬ್ರೇಕು ಗಾಲಿಯನ್ನು ಹಿಡಿಯುತ್ತಿತ್ತು.

‘ಹಾಕಿದವ್ರು ಯಾರ್ರೀ?’ ಎಂದ ಖಾಸೀಮಣ್ಣ. ಭಾವನವರು ಬೇವಿನ ಮರದಲ್ಲಿ ಏನೋ ಹಕ್ಕಿ ಹುಡುಕಿದರು. ಕೊನೆಗೆ, ‘ಎಣ್ಣಿ ಹೆಚ್ಚಾತಂತ ಯಾವ ಬಂಡಿ ಕೆಟ್ಟೈತಿ?’ ಅಂದರು. ರೋಗಿಗೆ ಸಲೈನು ಒಳ್ಳೆಯದೆಂದು ಇಡೀ ದಿನ ಬಿಟ್ಟರೆ ಕಾಲು ಊದುತ್ತದೆ, ಉಸಿರು ಕಟ್ಟುತ್ತದೆ ಎಂದು ನಾನು ವಿವರಿಸಿದೆ. ಅವರು ಒಪ್ಪಿದಂತೆ ಕಾಣಲಿಲ್ಲ. ಆದರೆ ಅಂದಿನಿಂದ ಸಲೈನಿನ ಬಗ್ಗೆ ಅವರಿಗೆ ಗುಮಾನಿ ಹುಟ್ಟಿತು.

ಹೊಸ ಪಟ್ಟಿ, ಹೊಸ ಸೀಲು ಖಾಸೀಮಣ್ಣನ ಹತ್ತಿರವೇ ಇದ್ದವು. ಎಣ್ಣೆ ಮಾತ್ರ ಕೊಪ್ಪಳದಿಂದ ಬರಬೇಕು. ರವಿವಾರ ಆ ಅಂಗಡಿಗೆ ರಜೆ. ಹಾಗಾದರೆ ಶನಿವಾರವೇ ತರಬೇಕು. ಇಲ್ಲಿ ಅತ್ತೆ ಎದ್ದು ನಿಂತರು.

‘ಶನಿವಾರ ಎಣ್ಣಿ ತಂದಿ ಅಂದ್ರ ಶನಿನ್ನ ಹೆಗಲ ಮ್ಯಾಲ ಕುಂದ್ರಿಸ್ಕೊಂಡು ಬಂದಂಗ’ ಅಂದರು ನಮ್ಮ ಯಜಮಾನರಿಗೆ.

‘ಅವ್ವಾ, ಇದು ಅಡಗಿ ಎಣ್ಣಿ ಅಲ್ಲಬೇ.’

‘ಎಣ್ಣಿ ಅಂದ್ರ ಎಣ್ಣಿ. ಮ್ಯಾಲ ತಗಡಿನ ಡಬ್ಬಿ ಬ್ಯಾರೆ. ಕಬ್ಬಿಣಾನೂ ಆತು.’

ಅತ್ತೆಯ ಕಾಯಿದೆಯ ಮುಂದೆ ನಮ್ಮ ಮೇಟ್ರನ್ನರದು ಏನೇನೂ ಅಲ್ಲ. ದಾರಿ ತೋರಿದವನು ಖಾಸೀಮಣ್ಣ. ‘ಡಬ್ಬಿ ನನ್ನ ಶೆಡ್ಡಿನ್ಯಾಗ ಇರ್ಲಿ ಬಿಡ್ರಿ ಅವ್ವಾರ. ನಿಮಗ ಶನಿವಾರ, ನಮಗ ಶುಕ್ರವಾರ. ಡಬ್ಬಿಗೆ ಯಾವ ವಾರದ್ದೂ ತಕರಾರಿಲ್ಲ.’ ಅತ್ತೆ ಗೊಣಗುತ್ತ ಒಳಗೆ ಹೋದರು. ಗೊಣಗುವುದು ಅವರ ಒಪ್ಪಿಗೆಯ ಮುದ್ರೆ.

ಯಜಮಾನರ ಕೈಗೆ ಚೀಟಿ ಕೊಟ್ಟೆ: ಇಂಜಿನ್ನಿಗೆ ನಲವತ್ತರ ಎಣ್ಣೆ, ಹಿಂದಿನ ಗಡಿಗೆಗೆ ತೊಂಬತ್ತರದು. ಕಾರಿನ ಜೊತೆ ಬಂದಿದ್ದ ಕೈಪಿಡಿಯನ್ನು ನಾನು ಔಷಧದ ಪುಸ್ತಕದಂತೆ ಓದಿಟ್ಟುಕೊಂಡಿದ್ದೆ. ತೊಂಬತ್ತು ಅಂದ ಕೂಡಲೇ ನಲವತ್ತರ ಎರಡು ಪಟ್ಟಿಗಿಂತ ಗಟ್ಟಿ ಎಂದು ತಿಳಿಯಬಾರದು. ಇಂಜಿನ್ ಎಣ್ಣೆಯ ಅಳತೆಗೋಲು ಬೇರೆ, ಗೇರ್ ಎಣ್ಣೆಯದು ಬೇರೆ. ನಿಜವಾಗಿ ಎರಡರ ಮಂದ ಹೆಚ್ಚೂಕಡಿಮೆ ಒಂದೇ. ಒಂದು ಜ್ವರದ ಕಡ್ಡಿಯಲ್ಲಿ ಮೂವತ್ತೇಳು, ಇನ್ನೊಂದರಲ್ಲಿ ತೊಂಬತ್ತೆಂಟು ಎಂದಿದ್ದರೂ ಮೈ ಬಿಸಿ ಒಂದೇ ಅಲ್ಲವೇ, ಹಾಗೆ. ಆದರೆ ಒಂದರ ಬದಲು ಇನ್ನೊಂದು ನಡೆಯದು. ಗಡಿಗೆಯೊಳಗಿನ ಹಲ್ಲುಗಳು ಒಂದನ್ನೊಂದು ಉಜ್ಜಿಕೊಂಡು ಜಾರುತ್ತವೆ. ಆ ಒತ್ತಡ ತಡೆಯುವ ಮದ್ದು ಬೆರೆಸಿದ ಎಣ್ಣೆಯೇ ಅಲ್ಲಿಗೆ ಬೇಕು.

ಯಜಮಾನರು ಶನಿವಾರ ಸಂಜೆಯ ಬಸ್ಸಿನಿಂದ ಡಬ್ಬಿಗಳ ಜೊತೆ ಇಳಿದಾಗ ಅವರ ಮುಖದಲ್ಲಿ ಯುದ್ಧ ಗೆದ್ದ ಕಳೆ. ಅಂಗಡಿಯಲ್ಲಿದ್ದ ಲಾರಿಯವರೆಲ್ಲ, ‘ನಮ್ಮ ಬಿಸಿಲಿಗೆ ನೂರಾ ನಲವತ್ತರದ್ದs ಹಾಕ್ಬೇಕ್ರಿ ಸರ, ತೊಂಬತ್ತು ನೀರಾಗ್ತೈತಿ’ ಎಂದು ಮುತ್ತಿಗೆ ಹಾಕಿದರಂತೆ. ‘ನಾ ಅಂದೆ, ಇದು ಸಿಸ್ಟರ್ ಬರದ ಚೀಟಿ. ಔಷಧ ಬದಲ್ ಮಾಡಿ ರೋಗಿ ಸತ್ರ ನೀವು ಜವಾಬ್ದಾರಿ ಏನು? ಎಲ್ಲಾರೂ ಸುಮ್ಮನಾದ್ರು’ ಎಂದರು. ನನ್ನ ಜೊತೆ ಬಾಳುವೆ ಮಾಡಿದ್ದು ಅವರಿಗೆ ಹಾಗೆ ಒಮ್ಮೆ ಉಪಯೋಗಕ್ಕೆ ಬಂತು.

ರವಿವಾರ ಬೆಳಗಾಗುವುದನ್ನೇ ಕಾದಿದ್ದೆ. ಕಾರನ್ನು ಎಲ್ಲರೂ ಸೇರಿ ತಳ್ಳಿ, ಸಮನೆಲವಿದ್ದ ಖಾಸೀಮಣ್ಣನ ಶೆಡ್ಡಿನ ಮುಂದೆ ನಿಲ್ಲಿಸಿದೆವು. ಅವನು ಬ್ರೇಕಿನ ಕೆಲಸಕ್ಕೆ ಕುಳಿತ. ಎಣ್ಣೆಯ ಕೆಲಸ ನನ್ನದು ಎಂದು ಮೊದಲೇ ಗುತ್ತಿಗೆ ಹಿಡಿದಿದ್ದೆ. ನಟ್ಟು ಬಿಚ್ಚುವ ಪಾನಾಗಳನ್ನು ಶುಭ್ರ ಟವೆಲಿನ ಮೇಲೆ ಸಣ್ಣದರಿಂದ ದೊಡ್ಡದಕ್ಕೆ ಜೋಡಿಸಿಟ್ಟೆ. ಖಾಸೀಮಣ್ಣ ಎರಡೂ ಕೈ ಎತ್ತಿ ಹಿಡಿದು, ‘ಸಿಸ್ಟರ್, ಕತ್ರಿ ಕೊಡ್ರಿ. ಹೊಟ್ಟಿ ಕೊಯ್ಯೂಣು’ ಅಂದ.

ಇಂಜಿನ್ನನ್ನು ಸ್ವಲ್ಪ ಹೊತ್ತು ಓಡಿಸಿ ಎಣ್ಣೆ ಬೆಚ್ಚಗಾದ ಮೇಲೆ ತಳದ ಬಿರಡೆ ಬಿಚ್ಚಿದೆ. ಆಸ್ಪತ್ರೆಯಲ್ಲಿ ರದ್ದಾಗಿದ್ದ ಎನಾಮಲ್ ಬೋಗುಣಿಗೆ ಕಾಡಿಗೆಯಂಥ ಎಣ್ಣೆ ಸುರುಳಿ ಸುರುಳಿಯಾಗಿ ಇಳಿಯಿತು. ಅದರಲ್ಲಿ ಎಷ್ಟು ಊರುಗಳ ಧೂಳು, ಎಷ್ಟು ಏರುಗಳ ಏದುಸಿರು ಇತ್ತೋ. ಆಮೇಲೆ ಹಿಂದಕ್ಕೆ ಹೋದೆ. ಭಾವನವರು ಒಗೆದ ಬಿಳಿ ಧೋತರದಲ್ಲಿ ಬಂದು, ಗಡಿಗೆಯ ಬಿರಡೆಗೆ ಸರಿಯಾಗಿ ಎದುರು ಕುಕ್ಕರಗಾಲಲ್ಲಿ ಕುಳಿತಿದ್ದರು. ‘ಆ ಕಡೆ ಸರೀರಿ ಭಾವಾರ’ ಎಂದೆ. ‘ಇರ್ಲಿ ಬಿಡವಾ, ಹಾಕಿದಾವ ನಾನು, ನಾನs ನೋಡ್ತೀನಿ’ ಅಂದರು. ಬಿರಡೆ ಕೊನೆಯ ಸುತ್ತು ತಿರುಗಿದ್ದೇ ತಡ, ಒಳಗೆ ಉಸಿರು ಕಟ್ಟಿಕೊಂಡಿದ್ದ ಎಣ್ಣೆ ಗಳಕ್ ಎಂದು ಹಾರಿ, ತಾನು ಯಾರಿಂದ ಬಂದಿತ್ತೋ ಅವರ ಮಡಿಲಿಗೇ ಹೋಗಿ ಬಿತ್ತು. ಭಾವನವರು ಕದಲಲಿಲ್ಲ. ಧೋತರ ನೋಡಿಕೊಂಡರು, ಗಡಿಗೆ ನೋಡಿದರು. ‘ಹೆಚ್ಚಾಗಿತ್ತು’ ಅಂದರು. ಅಷ್ಟೇ. ದೊಡ್ಡವರು ಸೋಲನ್ನು ಒಪ್ಪುವ ರೀತಿ ಎಷ್ಟು ಚಿಕ್ಕದಾಗಿರುತ್ತದೆ!

ಆದರೆ ತಳದ ಬಿರಡೆ ತೆಗೆದು ಉಳಿದದ್ದನ್ನೂ ಇಳಿಸಲು ಹೊರಟಾಗ ಅವರ ಜೀವ ತಡೆಯಲಿಲ್ಲ. ‘ಇಷ್ಟೂ ಎಣ್ಣಿ ಚೆಲ್ಲತಿ ಏನವಾ?’ ಎಂದು ಕೇಳಿದ ದನಿಯಲ್ಲಿ ಸಿಟ್ಟಿರಲಿಲ್ಲ, ಸಂಕಟವಿತ್ತು. ಎಣ್ಣೆ ನೆಲಕ್ಕೆ ಬಿದ್ದರೆ ಅಪಶಕುನ ಎನ್ನುವ ಮನೆಯವರು. ನಾನು ಬೋಗುಣಿ ತೋರಿಸಿದೆ. ‘ಒಂದ ಹನಿ ಚೆಲ್ಲಂಗಿಲ್ರಿ. ಕಾರಿಗೆ ಮುದಿ ಆದ ಎಣ್ಣಿ ಬಂಡಿಗೆ ಇನ್ನಾ ಹರೇದ್ದು. ಅಚ್ಚಿಗೆ ಹಾಕ್ರಿ, ಉಳಿದಿದ್ದು ಬೇವೂರು ಮನಿ ತೊಲಿಗೆ ಬಡೀರಿ, ಗೆದ್ದಲಿ ಹತ್ತಂಗಿಲ್ಲ.’ ಭಾವನವರ ಮುಖ ಅರಳಿತು. ಆಮೇಲೆ ಬೋಗುಣಿಯನ್ನು ಅವರೇ ಹಿಡಿದರು, ಹಾಲು ಕರೆಯುವಾಗ ತಂಬಿಗೆ ಹಿಡಿದಂತೆ, ಅಂಚಿಗೆ ಬೆರಳು ಕೊಟ್ಟು.

ಹೊಸ ಎಣ್ಣೆ ಹಾಕುವುದೇ ಹಬ್ಬ. ಇಂಜಿನ್ನಿನದು ಸುಲಭ, ಮೇಲಿನಿಂದ ಸುರಿದರಾಯಿತು. ಗಡಿಗೆಯ ತೂತು ಮಾತ್ರ ಓರೆಯಲ್ಲಿದೆ, ಎಣ್ಣೆಯೋ ಜೇನಿನಂತೆ ಮಂದ. ನನ್ನ ಹತ್ತಿರ ಉಪಾಯವಿತ್ತು: ರದ್ದಾದ ಎನಿಮಾ ಡಬ್ಬಿ, ಅದರ ರಬ್ಬರ್ ನಳಿಗೆ. ಎಣ್ಣೆಯನ್ನು ಬಿಸಿಲಿಗಿಟ್ಟು ತೆಳುವಾಗಿಸಿ, ಡಬ್ಬಿಯನ್ನು ಯಜಮಾನರ ಕೈಯಲ್ಲಿ ಎತ್ತರಕ್ಕೆ ಹಿಡಿಸಿ, ನಳಿಗೆಯ ತುದಿಯನ್ನು ತೂತಿಗೆ ಇಟ್ಟೆ. ‘ಇತಿಹಾಸದಾಗ ಇಂಥಾದ್ದು ಎಲ್ಲೂ ಓದಿಲ್ಲ’ ಎಂದರು ಅವರು, ಕೈ ನೋಯುತ್ತಿದ್ದರೂ. ಎಣ್ಣೆ ತುಟಿಗೆ ಬಂತು, ಒಂದು ಎಳೆ ಹೊರಗೆ ಜಾರಿತು. ಸಾಕು ಎಂದು ಅದೇ ಹೇಳಿತು. ಕಡ್ಡಿ ಎತ್ತಿ ನೋಡಿದರೆ ಇಂಜಿನ್ನಿನ ಎಣ್ಣೆ ಎಷ್ಟು ತಿಳಿಯಾಗಿತ್ತೆಂದರೆ, ಗೆರೆ ಕಾಣಲು ಕಡ್ಡಿಯನ್ನು ಓರೆ ಹಿಡಿಯಬೇಕಾಯಿತು. ಜ್ವರ ಬಿಟ್ಟ ಮಗುವಿನ ಹಣೆ ಮುಟ್ಟಿದ ಸಂತೋಷ.

ಸೋಮವಾರ ಸಾಹುಕಾರರು ಬಂದರು. ಹಣೆಗೆ ಉದ್ದ ನಾಮ, ಕಾಲುವೆ ಸೀಮೆಯ ತೆಲುಗು ಬೆರೆತ ಮಾತು. ನಾನು ಓಡಿಸಿದೆ, ಅವರು ಪಕ್ಕದಲ್ಲಿ, ಭಾವನವರು ಹಿಂದೆ. ಕುಷ್ಟಗಿ ರಸ್ತೆಯಲ್ಲಿ ಕಾರು ನೀರಿನ ಮೇಲೆ ಹೋದಂತೆ ಹೋಯಿತು. ನರಳಿಕೆ ಇಲ್ಲ, ಗುಂಯ್ ಇಲ್ಲ. ಭಾವನವರು ಗಾಬರಿಯಾಗಿ, ‘ಇಂಜಿನ್ ಬಂದಾತೇನು?’ ಎಂದು ಕೇಳಿದರು. ಅಡ್ಡ ಬಂದ ಕುರಿ ಹಿಂಡಿನ ಮುಂದೆ ಬ್ರೇಕು ಒತ್ತಿದೆ. ಕಾರು ಸೆಲ್ಯೂಟ್ ಹೊಡೆದಂತೆ ನಿಂತಿತು. ‘ಬಾಗುಂದಿ! ಬಂಡಿ ಬಾಳ ಬಾಗುಂದಿ’ ಎಂದರು ಸಾಹುಕಾರರು. ನನ್ನ ಕೈಗುಣವೇ ನನಗೆ ಮುಳುವಾಗಿತ್ತು. ಉಳಿಸಿಕೊಳ್ಳಲೆಂದು ಗುಣಪಡಿಸಿದ್ದೆ; ಗುಣವಾದದ್ದರಿಂದಲೇ ಅದು ಹೊರಟು ನಿಂತಿತ್ತು. ಕನ್ನಡಿಯಲ್ಲಿ ಭಾವನವರ ಮುಖ ನೋಡಿದೆ. ಅವರಿಗೂ ಈಗ ಕೊಡುವ ಮನಸ್ಸಿರಲಿಲ್ಲ. ಆದರೆ ಮಾತು ಕೊಟ್ಟವರು. ಅದನ್ನು ಅವರು ಮುರಿಯುವವರಲ್ಲ.

ಮನೆಗೆ ಬಂದಾಗ ಅತ್ತೆ ಮಂಡಕ್ಕಿ ಒಗ್ಗರಣೆ, ಮಿರ್ಚಿ ತಂದಿಟ್ಟರು. ಹುಲಿಗಿಯ ಮಂಡಕ್ಕಿಯೇ ಇರಬೇಕು.

‘ಹಿಡಿಸ್ತೇನಪಾ ಗಾಡಿ?’ ಎಂದರು.

‘ಬಾಳ ಹಿಡಿಸಿತಮ್ಮಾ.’

‘ಹಿಡಿಸ್ಬೇಕು. ನಮ್ಮ ಸಣ್ಣಾವ ಶನಿವಾರ ಕೊಪ್ಪಳಕ್ಕ ಹೋಗಿ ತಾಜಾ ಎಣ್ಣಿ ತಂದಾನ. ಮುಂದಿಂದಕ್ಕೂ ಶನಿವಾರದ್ದು, ಹಿಂದಿಂದಕ್ಕೂ ಶನಿವಾರದ್ದು.’

ಬಾಯಿಗೆ ಹೋಗುತ್ತಿದ್ದ ಮಿರ್ಚಿ ಅಲ್ಲೇ ನಿಂತಿತು. ‘ಶನಿವಾರಮಾ?’ ಎಂದರು ಸಾಹುಕಾರರು. ಮಿರ್ಚಿಯನ್ನು ತಟ್ಟೆಗಿಟ್ಟು, ಎಣ್ಣೆ ಬಸಿದು ಬೇರೆ ಹಾಕಿಸಬಹುದಲ್ಲವೇ ಎಂದು ಕೇಳಿದರು.

‘ಬಸೀಬಹುದಪಾ. ಆದ್ರ ಎಷ್ಟ ಬಸಿದ್ರೂ ಒಳಗ ಜಿಡ್ಡು ಉಳಿತೈತೆಲ್ಲ. ಹೌದಿಲ್ಲವಾ ಪಾರೀ?’

ಎಲ್ಲರೂ ನನ್ನ ಕಡೆ ತಿರುಗಿದರು. ನಾನು ತರಬೇತಿ ಪಡೆದ ನರ್ಸು. ಸುಳ್ಳು ವರದಿ ಕೊಡುವುದು ನನ್ನಿಂದಾಗದು. ‘ಹೌದ್ರಿ. ಪೂರ್ತಿ ಯಾವತ್ತೂ ಬರಂಗಿಲ್ಲ’ ಎಂದೆ. ಅದು ನೂರಕ್ಕೆ ನೂರು ನಿಜ. ಯಾವ ಕೈಪಿಡಿಯನ್ನಾದರೂ ತೆಗೆದು ನೋಡಿ.

ಸಾಹುಕಾರರು ಚಹಾ ಮುಗಿಸಿ, ಎಲ್ಲರಿಗೂ ಕೈಮುಗಿದು, ಕಾರಿನ ಕಡೆ ಒಮ್ಮೆ ಆಸೆಯಿಂದ ನೋಡಿ, ಅದರ ನೆರಳನ್ನೂ ತುಳಿಯದೆ ಬಸ್ ಸ್ಟ್ಯಾಂಡಿಗೆ ನಡೆದರು. ಭಾವನವರು ತಾಯಿಯ ಮುಖ ನೋಡಿ, ‘ಮಾತು ನಾನಂತೂ ತಪ್ಪಿಲ್ಲ. ಅವನs ಬ್ಯಾಡಂದ’ ಅಂದರು. ಅತ್ತೆ ತಟ್ಟೆ ಎತ್ತುತ್ತ, ‘ಬರೋ ಹುಣ್ಣಿವಿಗೆ ಬಸ್ಸಿನ್ಯಾಗ ಜೋತಾಡ್ಕೊಂತ ಹುಲಿಗಿಗೆ ಹೋಗಾಕ ನನ್ನಿಂದ ಆಗಂಗಿಲ್ಲ’ ಎಂದು ಒಳಗೆ ಹೋದರು.

ಕಾರು ನಮ್ಮಲ್ಲೇ ಉಳಿಯಿತು. ಎಂಬತ್ತರ ದಶಕದುದ್ದಕ್ಕೂ ಅದರ ಎಣ್ಣೆಯನ್ನು ಹೊತ್ತು ಹೊತ್ತಿಗೆ, ಸಮನೆಲದಲ್ಲಿ, ತುಟಿಯ ಮಟ್ಟಕ್ಕೆ ಬದಲಿಸಿದೆ. ಬಸಿದ ಎಣ್ಣೆ ಪ್ರತಿ ಸಲವೂ ಬೇವೂರಿನ ಬಂಡಿಗೆ ಹೋಯಿತು. ನಾನು ಕ್ಯಾಲೆಂಡರಿನ ಮುಂದೆ ನಿಂತರೆ ಸಾಕು, ಅತ್ತೆ ಒಳಗಿನಿಂದ, ‘ಶನಿವಾರ ನೋಡಿ ತರ್ಸು, ಯಾರ ಕಣ್ಣೂ ಬೀಳಂಗಿಲ್ಲ’ ಎನ್ನುತ್ತಿದ್ದರು. ಡಬ್ಬಿ ಮಾತ್ರ ಆ ದಿನ ಖಾಸೀಮಣ್ಣನ ಶೆಡ್ಡಿನಲ್ಲೇ ಇರಬೇಕು. ಆ ಕಾಯಿದೆಯಲ್ಲಿ ರಿಯಾಯಿತಿ ಇರಲಿಲ್ಲ.

ಆಗೆಲ್ಲ ನನಗೆ ಎಲ್ಲವನ್ನೂ ಬುಡಸಮೇತ ಬಸಿದು ಹೊಸದು ತುಂಬುವ ಹುಮ್ಮಸ್ಸು. ಕಾರಿಗೂ ಅದೇ, ಮನೆಗೂ ಅದೇ. ಈಗ ನೋಡಿದರೆ, ಹಳೆಯ ಜಿಡ್ಡು ಒಂದಿಷ್ಟು ತಳದಲ್ಲಿ ಉಳಿದುಕೊಂಡೇ ಹೊಸ ಎಣ್ಣೆ ತನ್ನ ಕೆಲಸ ಮಾಡುತ್ತದೆ, ಗಾಡಿಯೂ ಸುಖವಾಗಿ ಓಡುತ್ತದೆ. ನನ್ನೊಳಗೂ ಎಷ್ಟು ಉಳಿದಿದೆಯೋ, ಅದನ್ನು ನೋಡುವ ಕಡ್ಡಿ ಎಲ್ಲಿಯೂ ಸಿಗುವುದಿಲ್ಲ. ಆದರೆ ಅಡುಗೆಯ ಎಣ್ಣೆಯನ್ನು ನಾನು ಇಂದಿಗೂ ಶುಕ್ರವಾರವೇ ತಂದಿಟ್ಟುಕೊಳ್ಳುತ್ತೇನೆ.